ಅಕ್ಕನ ಕಣ್ಣಿಗೆ ಎರಡು ಮಿಂಚು

ಕತ್ತಲೆಯೂ ಬೆಳಕೂ ಒಂದೇ ತಾಯಿಯ ಮಕ್ಕಳಾಗಿದ್ದು, ಇನ್ನೂ ಪಾಲು ಹಂಚಿಕೊಳ್ಳದೆ ಒಂದೇ ಮನೆಯಲ್ಲಿದ್ದ ಕಾಲದಲ್ಲಿ ಒಂದು ಊರಿತ್ತು. ಊರೆಂದ ಮೇಲೆ ಒಂದು ಬೀದಿ, ಬೀದಿಯೆಂದ ಮೇಲೆ ಅದಕ್ಕೊಂದು ಕೊನೆ, ಆ ಕೊನೆಯಲ್ಲಿ ಒಂದು ಫೋಟೋ ಸ್ಟುಡಿಯೋ. ಅಲ್ಲಿ ರಾಜನಿರಲಿಲ್ಲ, ರಾಜಕುಮಾರಿಯೂ ಇರಲಿಲ್ಲ. ಒಬ್ಬ ಫೋಟೋಗ್ರಾಫರ್ ಇದ್ದ, ಅವನಿಗೊಬ್ಬಳು ಅಕ್ಕ ಇದ್ದಳು, ಇಬ್ಬರ ನಡುವೆ ಕೊಟ್ಟ ಮಾತೊಂದಿತ್ತು. ಕಥೆಗೆ ಅಷ್ಟು ಸಾಕು.

ಫೋಟೋಗ್ರಾಫರನ ಹೆಸರನ್ನು ಬೀದಿ ಎಂದೋ ಮರೆತಿತ್ತು. ಗುಂಡಿ ಒತ್ತುವ ಮುನ್ನ ಅವನು ಎಲ್ಲರಿಗೂ "ಸ್ವಲ್ಪ ನಗಿ" ಎನ್ನುತ್ತಿದ್ದನಾದ್ದರಿಂದ ಅವನಿಗೆ ಸ್ವಲ್ಪನಗಿ ಎಂದೇ ಹೆಸರು ಬಿದ್ದಿತ್ತು. ಅವನು ಆ ಮಾತು ಹೇಳುವ ಧ್ವನಿ ಹೇಗಿತ್ತೆಂದರೆ, ಕೇಳಿದವರಿಗೆ ತಮ್ಮ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎನಿಸುತ್ತಿತ್ತು. ಹಾಗಾಗಿ ಆ ಬೀದಿಯವರ ಫೋಟೋಗಳಲ್ಲೆಲ್ಲ ಒಂದೇ ಮುಖ, ಕೆಟ್ಟ ಸುದ್ದಿ ಕೇಳುವ ಮುಖ.

ಸ್ಟುಡಿಯೋ ಎನ್ನುವುದು ದೊಡ್ಡ ಮಾತು. ಅದು ಕಾಗದದಂಗಡಿಗೂ ಮಹಡಿಯ ಮೆಟ್ಟಿಲಿಗೂ ನಡುವೆ ಕಟ್ಟಡದವರು ಮರೆತುಬಿಟ್ಟಿದ್ದ ಒಂದು ಸಂದು. ಹಿಂಬದಿಗೆ ಬಿಳಿ ಬಟ್ಟೆ, ಅದರ ಮುಂದೆ ಸ್ಟೂಲು, ಸ್ಟೂಲಿನ ಮುಂದೆ ಕ್ಯಾಮೆರಾ. ಕೂತವರ ಮೊಣಕಾಲಿಗೂ ಕ್ಯಾಮೆರಾದ ಕಾಲಿಗೂ ನಡುವೆ ಒಂದು ಬೆಕ್ಕು ದಾಟಬಹುದಿತ್ತು, ಅದೂ ಹಸಿದ ಬೆಕ್ಕಾದರೆ. ಮೇಲೆರಡು ಟ್ಯೂಬ್‌ಲೈಟು. ಅವುಗಳ ಕೆಳಗೆ ಎಂಥ ಪೈಲ್ವಾನನೂ ಜ್ವರದಿಂದ ಈಗಷ್ಟೇ ಎದ್ದು ಬಂದವನಂತೆ ಕಾಣುತ್ತಿದ್ದ.

ಲೆನ್ಸಿನ ಕುತ್ತಿಗೆಯಲ್ಲೊಂದು ಬಳೆಯಿತ್ತು. ತಿರುಗಿಸಿದರೆ ಒಳಗಿನ ಕಂಡಿ ಹಿಗ್ಗಿ ಕುಗ್ಗಿ, ಬೆಳಕು ಹೆಚ್ಚು ಕಡಿಮೆಯಾಗುತ್ತದೆ. ಸ್ವಲ್ಪನಗಿಗೆ ಕೆಲಸ ಕಲಿಸಿದ ಹಳೆಯ ಯಜಮಾನ ಆ ಬಳೆಯನ್ನು ಒಂದು ಕಡೆ ನಿಲ್ಲಿಸಿ, ಮೇಲೆ ಅಂಟುಪಟ್ಟಿ ಸುತ್ತಿ, "ಇದನ್ನ ಮಾತ್ರ ಮುಟ್ಟಬೇಡ, ಮುಟ್ಟಿದ್ರೆ ಕೆಟ್ಟೆ" ಎಂದಿದ್ದ. ಏಳನೆಯ ಕೋಣೆಯ ಬಾಗಿಲು ತೆರೆಯಬೇಡ ಎಂದ ಹಾಗೆ. ಕಥೆಯ ರಾಜಕುಮಾರರು ಆ ಬಾಗಿಲನ್ನೇ ಮೊದಲು ತೆರೆಯುತ್ತಾರೆ. ಸ್ವಲ್ಪನಗಿ ರಾಜಕುಮಾರನಲ್ಲ. ಯಜಮಾನ ಸತ್ತ, ಅಂಟುಪಟ್ಟಿ ಉಳಿಯಿತು.

ಗ್ರಹಚಾರ ಶುರುವಾದದ್ದು ಗುರುತಿನ ಕಾರ್ಡಿನ ಕಚೇರಿಯಲ್ಲಿ. ಅಲ್ಲಿಯ ಗುಮಾಸ್ತ ಸ್ಟುಡಿಯೋದ ಮೇಲಿನ ಮಹಡಿಯಲ್ಲೇ ಇದ್ದವನು, ದಿನಾ ಅಕ್ಕನನ್ನು ನೋಡುವವನು. ಆದರೂ ಅವಳ ಫೋಟೋವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಹಿಂದಕ್ಕೆ ತಳ್ಳಿದ.

"ಏನಮ್ಮಾ ಇದು, ಕಣ್ಣು ಮುಚ್ಚಿದೆ."

"ನನ್ನ ಫೋಟೋ ಯಾವಾಗ್ಲೂ ಹಾಗೇ ಬರೋದು."

"ಕಾರ್ಡು ಕೊಡೋದು ಬದುಕಿರೋರಿಗೆ. ಇದನ್ನ ನೋಡಿ ಬದುಕಿದ್ದಾರೆ ಅಂತ ನಾನು ಹ್ಯಾಗೆ ಬರ್ಕೊಳ್ಳಲಿ?"

"ನಾನೇ ಎದುರಿಗೆ ನಿಂತಿದೀನಲ್ಲಪ್ಪ."

"ನೀವು ಇಲ್ಲಿ ನಿಂತಿದೀರಿ. ಫೈಲಲ್ಲಿ ನಿಲ್ಲೋದು ಫೋಟೋ."

ಅಕ್ಕ ಮನೆಗೆ ಬಂದು ಒಲೆ ಹಚ್ಚಲಿಲ್ಲ. ಗೋಡೆಯ ಮೇಲೆ ಅಮ್ಮನ ಫೋಟೋ ಇತ್ತು, ಅದರ ಎದುರು ಕೂತಳು. ಅಮ್ಮನದೆಂದು ಇದ್ದದ್ದು ಅದೊಂದೇ ಫೋಟೋ, ಅದನ್ನು ತೆಗೆದದ್ದು ಅಮ್ಮ ತೀರಿಕೊಂಡ ಮಧ್ಯಾಹ್ನ. ಆಗ ಸ್ವಲ್ಪನಗಿ ತೊಟ್ಟಿಲ ಕೂಸು. ಕೂಸನ್ನು ಸೊಂಟದ ಮೇಲೆ ಹೊತ್ತು ಪಕ್ಕದಲ್ಲಿ ನಿಂತಿದ್ದ ಅಕ್ಕ ಆಗಿನ್ನೂ ಹುಡುಗಿ, ಫ್ಲ್ಯಾಶು ಹೊಡೆಯುವಾಗ ಕೂಸಿನ ಕಣ್ಣಿಗೆ ಅಂಗೈ ಅಡ್ಡ ಹಿಡಿದು ತನ್ನ ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಅಂದಿನಿಂದ ಕ್ಯಾಮೆರಾ ಕಂಡರೆ ಆ ರೆಪ್ಪೆಗಳು ತಾವೇ ಇಳಿಯುತ್ತಿದ್ದವು. ತಮ್ಮ "ಸ್ವಲ್ಪ ನಗಿ" ಎಂದರಂತೂ ಬೀಗವೇ ಬೀಳುತ್ತಿತ್ತು.

"ನಾಳೆ ನಾನು ಹೋದ ಮೇಲೆ ನನ್ನನ್ನೂ ಅಮ್ಮನ ಪಕ್ಕ ನೇತು ಹಾಕ್ತೀಯಲ್ಲೋ," ಎಂದಳು ಅಕ್ಕ. "ಇಬ್ರೂ ಕಣ್ಣು ಮುಚ್ಕೊಂಡೇ ಇದ್ರೆ ಈ ಮನೇಲಿ ನಿನ್ನ ನೋಡೋರು ಯಾರು?"

ಸ್ವಲ್ಪನಗಿ ಅವಳ ಪಕ್ಕದಲ್ಲಿ ಕೂತ. "ಕಣ್ಣು ಬಿಟ್ಟ ಫೋಟೋ ತೆಗೀತೀನಿ ಅಕ್ಕ. ನನ್ನ ಕೈಯಾರೆ ಮೊಳೆ ಹೊಡೆದು ಹಾಕ್ತೀನಿ. ನೀನಿರೋವಾಗ್ಲೇ," ಎಂದ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಮಾತು. ಅವನು ಬೀದಿಗಿಳಿದು ಎದುರು ಮನೆಯ ದರ್ಜಿ ಹೆಂಗಸಿನ ಮುಂದೆ, "ಇನ್ನು ಟ್ಯೂಬ್‌ಲೈಟು ಕೆಲಸ ಸಾಕು, ಸ್ಟ್ರೋಬ್ ಹಾಕಿಸ್ತೀನಿ. ದೊಡ್ಡ ಸ್ಟುಡಿಯೋದೋರು ಹಾಕ್ತಾರಲ್ಲ, ಆ ಥರದ್ದು" ಎಂದ. ಅದು ಜಂಬವಾಯಿತು. ದರ್ಜಿ ಹೆಂಗಸಿನ ಬಾಯಿಗೆ ಬಿದ್ದದ್ದು ಬೀದಿಯ ಕಿವಿಗೆ ಬಿದ್ದ ಹಾಗೆಯೇ.

ಸ್ಟ್ರೋಬ್ ಎಂದರೆ ಉರಿಯುವ ದೀಪವಲ್ಲ. ಹೊಟ್ಟೆಯಲ್ಲಿ ಕರೆಂಟು ಕೂಡಿಟ್ಟುಕೊಂಡು, ಹೇಳಿದ ಕ್ಷಣ ಒಮ್ಮೆಗೇ ಮಿಂಚಿನ ಹಾಗೆ ಕಾರಿಬಿಡುವ ಡಬ್ಬಿ. ಇಷ್ಟನ್ನು ಕ್ಯಾಮೆರಾ ಅಂಗಡಿಯ ಮಾರಾಟಗಾರ ತಾಳ್ಮೆಯಿಂದ ವಿವರಿಸಿ, "ರೆಪ್ಪೆ ಬಡಿಯೋಕೆ ಮುಂಚೆ ಇದರ ಕೆಲಸ ಮುಗಿದಿರುತ್ತೆ ಸಾರ್" ಎಂದ. ಸ್ವಲ್ಪನಗಿಗೆ ಅಲ್ಲೇ ಅಕ್ಕನ ಕಣ್ಣು ಸಿಕ್ಕ ಹಾಗಾಯಿತು.

"ರೂಮು ಎಷ್ಟು ದೊಡ್ಡದು ಸಾರ್? ಅದನ್ನ ನೋಡ್ಕೊಂಡೇ ದೀಪ ಆಯ್ಕೆ ಮಾಡ್ಬೇಕು."

ಪಕ್ಕದಲ್ಲಿ ಕ್ಯಾಮೆರಾ ಚೀಲ ಹೊತ್ತ ಒಬ್ಬ ದೊಡ್ಡ ಗಿರಾಕಿ ನಿಂತು ಕೇಳುತ್ತಿದ್ದ. ಸ್ವಲ್ಪನಗಿ ಕೆಮ್ಮಿದ. "ಹಾಲ್ ಅನ್ನಬಹುದು."

"ಹಾಲ್ ಅಂದ್ರೆ?"

"ಒಂದು ಮದುವೆ ಮಾಡಬಹುದು. ಎರಡು ಕಡೆಯೋರೂ ಕೂತು ಜಗಳ ಆಡಬಹುದು."

"ಸೀಲಿಂಗು?"

"ಏಣಿ ಹಾಕಿದ್ರೂ ಎಟುಕಲ್ಲ."

ಸೀಲಿಂಗು ಎಟುಕದಿದ್ದದ್ದು ನಿಜವಲ್ಲ. ದಿನಕ್ಕೊಮ್ಮೆಯಾದರೂ ಅದು ಅವನ ನೆತ್ತಿಗೆ ತಾಕುತ್ತಿತ್ತು. ಮಾರಾಟಗಾರ ಕೈಯಲ್ಲಿದ್ದ ಪುಟ್ಟ ದೀಪವನ್ನು ಕೆಳಗಿಟ್ಟು, ಒಳಗಿನಿಂದ ಕುಂಬಳಕಾಯಿ ಗಾತ್ರದ ಎರಡು ದೀಪದ ತಲೆಗಳನ್ನು ಹೊರಿಸಿಕೊಂಡು ಬಂದ. "ಹಾಗಿದ್ರೆ ಇದೇ ಸರಿ. ಚಿಕ್ಕ ಜಾಗದಲ್ಲಿ ಮಾತ್ರ ಇದನ್ನ ಹಚ್ಚಬಾರ್ದು, ಸುಣ್ಣ ಬಳಿದ ಹಾಗಾಗುತ್ತೆ," ಎಂದ. "ಚಿಕ್ಕ ಜಾಗ ಯಾರಿಗಿದೆ ಈ ಕಾಲದಲ್ಲಿ," ಎಂದ ಸ್ವಲ್ಪನಗಿ. ಹಣ ಹೇಗೆ ಹೊಂದಿಸಿದ ಎನ್ನುವುದು ಬೇಡ, ಅದು ಬೇರೆಯದೇ ದುಃಖ.

ದೀಪಗಳು ಬಂದ ದಿನ ಬೀದಿ ಕೆಲಸ ಬಿಟ್ಟು ಬಾಗಿಲಲ್ಲಿ ನಿಂತಿತು. ದೀಪದ ಕಂಬ ನಿಲ್ಲಿಸಿ, ಬೆಳಕು ಹರಡುವ ಕೊಡೆ ಬಿಚ್ಚಿದಾಗ ಸಂದು ತುಂಬಿಹೋಯಿತು. ಅಕ್ಕ ಎರಡು ಕೊಡೆಗಳ ನಡುವೆ ಬಾಗಿ, ಬಳಸಿ, ಮೊಣಕೈ ಮಡಚಿ ಸ್ಟೂಲು ತಲುಪಿದಳು. ಕೂತ ಮೇಲೆ ದೀಪಗಳು ಅವಳ ಕಿವಿಯಲ್ಲಿ ಏನೋ ಗುಟ್ಟು ಹೇಳುವಂತಿದ್ದವು.

"ಇಷ್ಟು ಹತ್ತಿರ ಇರ್ಬೇಕಾ?" ಎಂದಳು.

"ಸಿಂಹಾಸನದ ಪಕ್ಕ ಚಾಮರ ಇದ್ದ ಹಾಗೆ ಅಕ್ಕ, ಸುಮ್ನಿರು."

ದೀಪದ ಬೆನ್ನಿನಲ್ಲೊಂದು ಗುಂಡಿ, ಶಕ್ತಿಯನ್ನು ತಗ್ಗಿಸುವುದಕ್ಕೆ. ಸ್ವಲ್ಪನಗಿಗೆ ಅದು ಗೊತ್ತಿತ್ತು. ಆದರೆ ಪೂರ್ತಿ ದೀಪ ಕೊಂಡು ತಂದು, ಬೀದಿಯ ಎದುರು ಅದನ್ನು ಚೂರು ಚೂರೇ ಉರಿಸುವ ಬಡತನ ಅವನಿಗೆ ಬೇಡವಾಗಿತ್ತು. ಪೂರ್ತಿಗೇ ತಿರುಗಿಸಿದ. ದೀಪಗಳು ಹೊಟ್ಟೆ ತುಂಬಿಸಿಕೊಳ್ಳುವಾಗ ಬೀದಿಯ ಬಲ್ಬುಗಳೆಲ್ಲ ಒಮ್ಮೆ ಮಂಕಾದವು.

"ಸ್ವಲ್ಪ ನಗಿ," ಎಂದ.

ಅಕ್ಕನ ಕಣ್ಣು ಮುಚ್ಚಿತು. ಆಮೇಲೆ ಮಿಂಚು ಹೊಡೆಯಿತು. ಬಾಗಿಲಲ್ಲಿದ್ದವರಿಗೆ ತುಸು ಹೊತ್ತು ಪರಸ್ಪರ ಮುಖಗಳ ಜಾಗದಲ್ಲಿ ಹಸಿರು ಉಂಡೆಗಳು ಕಂಡವು. ಕಂಪ್ಯೂಟರಿನ ಪರದೆಯ ಮೇಲೆ ಬಂದದ್ದು ಬರೀ ಬಿಳುಪು. ಅದರ ನಡುವೆ ಎರಡು ಮೂಗಿನ ಹೊಳ್ಳೆ, ಮುಚ್ಚಿದ ರೆಪ್ಪೆಗಳ ಎರಡು ಗೆರೆ.

"ಬೆಳಕು ಜಾಸ್ತಿಯಾಯ್ತು," ಎಂದ ಸ್ವಲ್ಪನಗಿ ಪಂಡಿತನಂತೆ. ಬಳೆ ಮುಟ್ಟುವಂತಿಲ್ಲ, ಗುಂಡಿ ತಗ್ಗಿಸಿದರೆ ಮಾನ ಹೋಗುತ್ತದೆ. ಉಳಿದದ್ದು ಕ್ಯಾಮೆರಾದ ಶಟರ್, ಬೆಳಕನ್ನು ಒಳಗೆ ಬಿಡುವ ಬಾಗಿಲು. ಬಾಗಿಲನ್ನು ಬೇಗ ಮುಚ್ಚಿದರೆ ಬೆಳಕು ಕಡಿಮೆ ಒಳಗೆ ಬರುತ್ತದೆಯಲ್ಲವೇ? ಟ್ಯೂಬ್‌ಲೈಟಿಗೆ ಅದು ನಿಜ, ಮಿಂಚಿಗಲ್ಲ. ಅವನು ಶಟರನ್ನು ಚುರುಕು ಮಾಡಿ ಮತ್ತೆ ಒತ್ತಿದ.

ಈ ಸಲ ಮುಖ ಅಷ್ಟೇ ಬಿಳುಪು. ಆದರೆ ಚಿತ್ರದ ಅಡಿಯಲ್ಲಿ, ಅಕ್ಕನ ಎದೆಗೆ ಅಡ್ಡವಾಗಿ, ಗೆರೆ ಎಳೆದು ಕತ್ತರಿಸಿದ ಹಾಗೆ ಒಂದು ಕಪ್ಪು. ಬಟ್ಟೆಯ ಕಪ್ಪಲ್ಲ, ನೆರಳಿನ ಕಪ್ಪೂ ಅಲ್ಲ. ಏನೂ ಇಲ್ಲದ ಕಪ್ಪು.

"ಅದೇನದು?" ಎಂದಳು ದರ್ಜಿ ಹೆಂಗಸು, ಕತ್ತು ಚಾಚಿ.

"ಏನಿಲ್ಲ, ಹೊಸ ದೀಪ ಅಲ್ವಾ, ಹೊಂದಿಕೊಳ್ಬೇಕು," ಎಂದು ಅವನು ಇನ್ನಷ್ಟು ಚುರುಕು ಮಾಡಿದ. ಬಲ್ಬುಗಳು ಮಂಕಾದವು, ಮಿಂಚು ಹೊಡೆಯಿತು. ಕಪ್ಪು ಅಕ್ಕನ ಕುತ್ತಿಗೆಗೆ ಬಂದಿತ್ತು.

ದರ್ಜಿ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. "ಏರ್ತಾ ಇದೆ," ಎಂದಳು ಮೆಲ್ಲಗೆ. ಆ ಒಂದು ಮಾತು ಸಾಕಾಯಿತು. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಚಪ್ಪಲಿ ಸದ್ದಾಗದಂತೆ ಜಾರಿಕೊಂಡರು. ಸಾವಿನ ಮನೆಯಿಂದ ಹೋಗುವವರು ಹಾಗೆಯೇ, ಹೋಗಿಬರ್ತೀನಿ ಎನ್ನುವುದಿಲ್ಲ.

ಸಂಜೆಯ ಹೊತ್ತಿಗೆ ಬೀದಿಗೆ ಎಲ್ಲ ಗೊತ್ತಿತ್ತು. ದೊಡ್ಡ ಸ್ಟುಡಿಯೋದ ದೀಪ ಅಂದರೆ ಆಸ್ಪತ್ರೆಯ ದೀಪದ ಹಾಗಂತೆ, ಒಳಗಿನದೆಲ್ಲ ಕಾಣುತ್ತದಂತೆ. ಕಾಲಿಂದ ಹೊರಟ ಕತ್ತಲೆ ತಲೆ ಮುಟ್ಟಿದರೆ ಮುಗಿಯಿತಂತೆ. "ಪ್ರತಿ ಸಲ ನಮ್ಮ ಬಲ್ಬೂ ಮಂಕಾಯ್ತು ಕಣ್ರೀ, ಸುಮ್ಮನೆ ಆಗುತ್ತಾ?" ಎಂದು ಕಾಗದದಂಗಡಿಯವನು ಸಾಕ್ಷಿ ಹೇಳಿದ. ಕರೆಂಟಿನವರು ಇಂಥದ್ದಕ್ಕೆಲ್ಲ ಸಾಕ್ಷಿ ಹೇಳಲು ಬರುವುದಿಲ್ಲವಾದ್ದರಿಂದ ಆ ಮಾತು ನಿಂತಿತು.

ಮರುದಿನ ಬೆಳಿಗ್ಗೆ ದರ್ಜಿ ಹೆಂಗಸು ಅಳತೆ ಪಟ್ಟಿ ಹಿಡಿದು ಬಂದಳು. "ನನ್ನ ಕಡೆಯಿಂದ ಒಂದು ಹೊಸ ಉಡುಪು, ಅಕ್ಕ. ಬೇಡ ಅನ್ನಬೇಡಿ. ಕಂಕುಳಲ್ಲಿ ಸ್ವಲ್ಪ ಸಡಿಲ ಬಿಡ್ತೀನಿ, ಮಲಗಿದಾಗ ಎಳೀಬಾರ್ದು."

ಅವಳ ಹಿಂದೆಯೇ ಗುಮಾಸ್ತ ಇಳಿದು ಬಂದ. "ವಿಷಯ ಕೇಳಿದೆ. ಹೀಗೆ ಅಂತಾದ್ರೆ ಕಾರ್ಡಿಗೆ ಅವಸರ ಏನೂ ಇಲ್ಲ ಬಿಡಿ. ಹೊಸದು ಮಾಡೋದು, ಆಮೇಲೆ ಅದನ್ನೇ ರದ್ದು ಮಾಡೋದು, ನಮಗೂ ಎರಡೆರಡು ಕೆಲಸ." ಅವನ ಮಟ್ಟಿಗೆ ಅದು ಸಂತಾಪ.

ಮಧ್ಯಾಹ್ನಕ್ಕೆ ಚಿಕ್ಕಪ್ಪ ಬಂದ. ಹೆಗಲು ಕೊಡುವುದಕ್ಕಲ್ಲದೆ ಬೇರೆ ಯಾವುದಕ್ಕೂ ಆ ಮನೆಯ ಹೊಸ್ತಿಲು ತುಳಿಯದವನು, ಚೀಲ ಸಮೇತ ಬಂದು ನಡುಮನೆಯಲ್ಲಿ ಕೂತು ಅಕ್ಕನನ್ನು ಮೇಲಿಂದ ಕೆಳಗೆ ನೋಡಿದ.

"ಎಲ್ಲೀವರೆಗೆ ಬಂದಿದೆ?"

"ಕುತ್ತಿಗೆ," ಎಂದಳು ದರ್ಜಿ ಹೆಂಗಸು.

"ಗುರುವಾರದೊಳಗೆ ಆಗುತ್ತಾ? ನನಗೆ ರಜ ಕಮ್ಮಿ."

ಅಕ್ಕ ಬಂದವರಿಗೆ ಚಹಾ ಕೊಟ್ಟಳು, ಲೋಟ ತೊಳೆದಳು, ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮನೆಯಲ್ಲಿ ಅವಳು ಹಗಲು ಮಲಗಿದ್ದನ್ನು ಸ್ವಲ್ಪನಗಿ ಕಂಡವನಲ್ಲ. ಅವಳ ಬೆನ್ನು ಅಷ್ಟು ಚಿಕ್ಕದೆಂದೂ ಅವನಿಗೆ ಗೊತ್ತಿರಲಿಲ್ಲ. ಆ ಬೆನ್ನಿನ ಮೇಲೇ ಅವನು ಬೆಳೆದದ್ದು.

"ಅಕ್ಕ, ಅದೆಲ್ಲ ಸುಳ್ಳು," ಎಂದ. ಧ್ವನಿಯಲ್ಲಿ ನಂಬಿಕೆ ಇರಲಿಲ್ಲ, ಯಾಕೆಂದರೆ ಅವನೂ ನಂಬಿಬಿಟ್ಟಿದ್ದ.

"ಸುಳ್ಳೋ ನಿಜಾನೋ," ಎಂದಳು ಅಕ್ಕ ಗೋಡೆಗೆ. "ಕುತ್ತಿಗೆಯಿಂದ ಮೇಲೆ ಇನ್ನೂ ಜಾಗ ಇದೆ. ಕಣ್ಣಿಗೆ ಬರೋ ಮುಂಚೆ ತೆಗೆದುಬಿಡೋ. ಮಾತು ಕೊಟ್ಟಿದೀಯ."

ಸಂಜೆ ಮತ್ತೆ ಅವಳು ಕೊಡೆಗಳ ನಡುವೆ ಬಾಗಿ ಹೋಗಿ ಕೂತಳು. ಚಿಕ್ಕಪ್ಪ, ಗುಮಾಸ್ತ, ದರ್ಜಿ ಹೆಂಗಸು ಬಾಗಿಲಲ್ಲಿ ಬೆಂಚು ಹಾಕಿಸಿಕೊಂಡು ಕೂತರು. ಅವಸರದಲ್ಲಿ, ಕಣ್ಣು ತಲುಪುವ ಮೊದಲೇ ಕತ್ತಲೆಯನ್ನು ಹಿಂದೆ ಹಾಕಬೇಕೆಂದು, ಸ್ವಲ್ಪನಗಿ ಶಟರನ್ನು ಹಿಂದೆಂದಿಗಿಂತ ಚುರುಕು ಮಾಡಿದ. "ಸ್ವಲ್ಪ ನಗಿ," ಎಂದ. ಆ ಧ್ವನಿಗೆ ಬೆಂಚಿನ ಮೇಲಿದ್ದವರೂ ಕಣ್ಣೊರೆಸಿಕೊಂಡರು.

ಕಪ್ಪು ತುಟಿಗೆ ಬಂದಿತ್ತು. ಮೇಲೆ, ಸುಣ್ಣದಂಥ ಮುಖದಲ್ಲಿ, ಎರಡು ಮುಚ್ಚಿದ ಕಣ್ಣು.

ದರ್ಜಿ ಹೆಂಗಸು ಅಳಲು ಶುರುಮಾಡಿದಳು. ಚಿಕ್ಕಪ್ಪ ಕ್ಯಾಲೆಂಡರ್ ನೋಡಿದ. ಸ್ವಲ್ಪನಗಿ ಜೇಬಿನಿಂದ ಫೋನು ತೆಗೆದ. ಈ ದೀಪ ಮನೆಗೆ ತಂದವನು ತಾನು, ತೆಗೆದು ಬಿಸಾಡಬೇಕಾದವನೂ ತಾನೇ ಎಂದುಕೊಂಡು ಅಂಗಡಿಗೆ ಫೋನ್ ಮಾಡಿದ. ಅವನ ಫೋನು ಸ್ಪೀಕರಿನಲ್ಲಿ ಮಾತ್ರ ಮಾತಾಡುತ್ತಿತ್ತು, ಕಿವಿ ಸತ್ತು ಬಹಳ ಕಾಲವಾಗಿತ್ತು.

"ನಿಮ್ಮ ದೀಪ ವಾಪಸ್ ತಗೊಳ್ಳಿ," ಎಂದ. "ನಮ್ಮ ಅಕ್ಕನ್ನ ತಿಂತಾ ಇದೆ."

ಮಾರಾಟಗಾರ ಎಲ್ಲ ಕೇಳಿಸಿಕೊಂಡು, "ಕೆಳಗಿಂದ ಕಪ್ಪು ಏರ್ತಿದೆಯಾ? ಶಟರ್ ಚುರುಕು ಮಾಡಿದೀರಾ ಸಾರ್?" ಎಂದ. "ಅಲ್ಲೇ ಇರೋದು. ಕ್ಯಾಮೆರಾ ಒಳಗೆ ಎರಡು ಪರದೆ. ಒಂದು ತೆರೆಯುತ್ತೆ, ಇನ್ನೊಂದು ಅದರ ಬೆನ್ನಿಗೇ ಮುಚ್ಕೊಂಡು ಬರುತ್ತೆ. ನೀವು ಚುರುಕು ಮಾಡಿದಷ್ಟೂ, ಮಿಂಚು ಹೊಡೆಯೋ ಹೊತ್ತಿಗೆ ಮುಚ್ಚೋ ಪರದೆ ಅರ್ಧ ದಾರಿ ಬಂದಿರುತ್ತೆ. ಆ ಪರದೆಯೇ ಕಪ್ಪಾಗಿ ಬೀಳೋದು. ನಿಧಾನ ಮಾಡಿ, ಹೋಗುತ್ತೆ."

ಸ್ವಲ್ಪನಗಿ ಶಟರ್ ನಿಧಾನ ಮಾಡಿ, ಖಾಲಿ ಸ್ಟೂಲಿನ ಮೂಲೆಗೆ ಗುರಿ ಇಟ್ಟು ಒತ್ತಿದ. ಅಕ್ಕ ಆಗ ಎದ್ದು ಬೆನ್ನು ನೀವಿಕೊಳ್ಳುತ್ತಿದ್ದಳು. ಕಪ್ಪು ಹೋಗಿತ್ತು. ಸ್ಟೂಲೂ ಹೋಗಿತ್ತು, ಬರೀ ಬಿಳುಪು.

ಚಿಕ್ಕಪ್ಪನ ಮುಖ ಬಾಡಿತು. "ಹಾಗಾದ್ರೆ ಗುರುವಾರ ಆಗಲ್ವಾ?" ಎಂದ.

"ಈಗ ಎಲ್ಲಾ ಬಿಳಿ," ಎಂದ ಸ್ವಲ್ಪನಗಿ ಫೋನಿಗೆ.

"ದೀಪ ಹಿಂದೆ ಸರಿಸಿ ಸಾರ್. ನಿಮ್ಮದು ಹಾಲ್ ಅಲ್ವಾ. ಆ ಕೊನೆಗೆ ಒಯ್ದುಬಿಡಿ."

ಸ್ವಲ್ಪನಗಿಯ ಬೆನ್ನು ಗೋಡೆಗೆ ಅಂಟಿತ್ತು. "ಸರಿಸಿದೆ," ಎಂದ.

ಬೆಂಚಿನ ಮೇಲಿದ್ದವರು ಅವನನ್ನು ನೋಡಿದರು. ಅಕ್ಕ ಮತ್ತೆ ಸ್ಟೂಲಿನ ಮೇಲೆ ಕೂತು ಅವನನ್ನು ನೋಡಿದಳು.

"ಆದ್ರೂ ಬಿಳಿಯಾ? ಇನ್ನೂ ಸರಿಸಿ."

"ಸರಿಸಿದೆ."

"ಅದು ಸಾಧ್ಯವೇ ಇಲ್ಲ ಸಾರ್. ಒಂದು ಮದುವೆ ಮಾಡಬಹುದು ಅಂದ್ರಿ. ನಿಜವಾಗ್ಲೂ ಎಷ್ಟು ದೊಡ್ಡದು ಜಾಗ?"

ಕಾಗದದಂಗಡಿಯವನೂ ಈಗ ಬಂದು ನಿಂತಿದ್ದ. ರಾಕ್ಷಸನ ಪ್ರಾಣ ಗಿಳಿಯ ಹೊಟ್ಟೆಯಲ್ಲಿದ್ದ ಹಾಗೆ ಸ್ವಲ್ಪನಗಿಯ ಮಾನವೆಲ್ಲ ಆ ಎರಡು ದೀಪಗಳ ಹೊಟ್ಟೆಯಲ್ಲಿತ್ತು. ಗಿಳಿಯ ಕತ್ತು ಅವನ ಕೈಯಲ್ಲೇ ಇತ್ತು. ಅವನು ಒಮ್ಮೆ ಬೆಂಚನ್ನು ನೋಡಿದ, ಒಮ್ಮೆ ಅಕ್ಕನನ್ನು ನೋಡಿದ, ಗಿಳಿಯ ಕತ್ತು ಹಿಸುಕಿದ.

"ಹಾಲ್ ಇಲ್ಲ," ಎಂದ. "ಸಂದು. ಮೆಟ್ಟಿಲ ಪಕ್ಕದ್ದು."

ಫೋನು, "ದೀಪದ ಗುಂಡಿ ಎಲ್ಲಿಟ್ಟಿದೀರಿ?" ಎಂದಿತು.

"ಪೂರ್ತಿ."

"ಪೂರ್ತಿ ಕೆಳಗೆ ಇಳಿಸಿ. ಕೊಡೆ ಗೋಡೆ ಕಡೆ ತಿರುಗಿಸಿ. ಲೆನ್ಸಿನ ಬಳೆ ತಿರುಗಿಸಿ ಕಂಡಿ ಚಿಕ್ಕದು ಮಾಡಿ."

ಸ್ವಲ್ಪನಗಿ ಗುಂಡಿ ಇಳಿಸಿದ, ಕೊಡೆ ತಿರುಗಿಸಿದ. ಆಮೇಲೆ, ಸತ್ತ ಯಜಮಾನ ಎಲ್ಲಾದರೂ ನೋಡುತ್ತಿದ್ದಾನೆಯೇ ಎಂಬಂತೆ ಹಿಂದೆ ತಿರುಗಿ ನೋಡಿ, ಉಗುರಿನಿಂದ ಅಂಟುಪಟ್ಟಿ ಎಬ್ಬಿಸಿದ. ಅದು ಚರ್ಮ ಕಿತ್ತ ಸದ್ದು ಮಾಡುತ್ತ ಬಂತು. ಬಳೆ ತಿರುಗಿತು. ಸಿಡಿಲೇನೂ ಬೀಳಲಿಲ್ಲ.

ಆದರೆ ಒಮ್ಮೆ ನಿಜ ಹೇಳಿದ ಬಾಯಿ ಮುಚ್ಚಲೊಲ್ಲದು. ಬೆರಳು ಕೆಲಸ ಮಾಡುತ್ತಿದ್ದಂತೆ ಅವನು ಫೋನಿಗೆ ಹೇಳುತ್ತಲೇ ಹೋದ.

"ಸೀಲಿಂಗು ನನ್ನ ತಲೆಗೆ ತಾಕುತ್ತೆ. ಗೋಡೆ ಮೇಲಿರೋ ಬಹುಮಾನದ ಸರ್ಟಿಫಿಕೇಟು ನಂದಲ್ಲ, ಫ್ರೇಮು ಕೊಂಡಾಗ ಅದರೊಳಗೇ ಇತ್ತು. ದಪ್ಪಗಿರೋರ ಫೋಟೋ ತೆಗೀಬೇಕಾದ್ರೆ ನಾನು ಬೀದಿಗೆ ಹೋಗಿ ನಿಲ್ತೀನಿ. ದರ್ಜಿ ಅಮ್ಮ ಪ್ರತಿ ಸಲ ತೆಳ್ಳಗೆ ಬರ್ತಾರಲ್ಲ, ಅದು ನಾನೇ ಕಂಪ್ಯೂಟರಲ್ಲಿ ಎಳೆದಿದ್ದು."

ದರ್ಜಿ ಹೆಂಗಸಿನ ಅಳು ನಡುವೆಯೇ ನಿಂತಿತು.

"ಮತ್ತೆ, ಬಾಲ್ಯದಲ್ಲಿ ಅಕ್ಕನ ಹೂವಿನ ಕುಂಡ ಒಡೆದದ್ದು ಬೆಕ್ಕಲ್ಲ. ನಾನು."

ಅಕ್ಕ ಆ ಬೆಕ್ಕನ್ನು ಅದೇ ದಿನ ಮನೆಯಿಂದ ಓಡಿಸಿದ್ದಳು. ತಮ್ಮನ ಬಾಯಿಂದ ಕೇಳದೆ, ಎಳೆಯದೆ, ಹೊಡೆಯದೆ ಒಂದು ನಿಜ ಹೊರಬಿದ್ದದ್ದನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ. ಈಗ ಒಂದರ ಹಿಂದೆ ಒಂದು ಬರುತ್ತಿದ್ದವು. ಅವಳು ಕ್ಯಾಮೆರಾವನ್ನು ಮರೆತಳು, ಕೊಡೆಗಳನ್ನು ಮರೆತಳು, ತುಟಿಗೆ ಬಂದಿದ್ದ ಕತ್ತಲೆಯನ್ನೂ ಮರೆತು, ಎರಡೂ ಕಣ್ಣು ಅರಳಿಸಿ ಅವನನ್ನೇ ನೋಡಿದಳು.

ಸ್ವಲ್ಪನಗಿ ತಲೆ ಎತ್ತಿದ. ನಾಲಗೆಯ ತುದಿಗೆ "ಸ್ವಲ್ಪ" ಎಂದು ಬಂದಿತ್ತು. ನುಂಗಿಕೊಂಡ. ಏನೂ ಹೇಳದೆ ಒತ್ತಿದ.

ಮಿಂಚು ಈ ಸಲ ಸಣ್ಣದು, ಯಾರೋ ನಿಟ್ಟುಸಿರು ಬಿಟ್ಟಷ್ಟು. ಬೀದಿಯ ಬಲ್ಬುಗಳು ಅಲುಗಲಿಲ್ಲ.

ಪರದೆಯ ಮೇಲೆ ಅಕ್ಕ ಬಂದಳು. ಕಪ್ಪಿಲ್ಲ, ಸುಣ್ಣವಿಲ್ಲ. ಕೆನ್ನೆಯ ಸುಕ್ಕು, ಹಣೆಯ ಗೆರೆ, ಕಣ್ಣು. ನಂಬಲಾರದ, ಬೈಯಬೇಕೋ ನಗಬೇಕೋ ತಿಳಿಯದ, ತೆರೆದ ಎರಡು ಕಣ್ಣು.

ಗುಮಾಸ್ತ ಎದ್ದು ಬಂದು, ಕನ್ನಡಕ ಏರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದ. "ಬದುಕಿದ್ದಾರೆ," ಎಂದು ತೀರ್ಪು ಕೊಟ್ಟ. "ಒಪ್ಪಬಹುದು."

ಚಿಕ್ಕಪ್ಪ ಚೀಲ ಎತ್ತಿಕೊಂಡ. "ನಿಖರವಾಗಿ ಗೊತ್ತಾದ ಮೇಲೇ ಹೇಳಿಕಳಿಸಿ," ಎಂದು ಹೊರಟ. ದರ್ಜಿ ಹೆಂಗಸು ಅಳತೆ ಪಟ್ಟಿ ಸುತ್ತಿಕೊಂಡು, ಸ್ವಲ್ಪನಗಿಯ ಮುಖ ನೋಡದೆ ಬೀದಿ ದಾಟಿದಳು. ಅವಳು ಮುಂದೆಂದೂ ಅವನ ಹತ್ತಿರ ಫೋಟೋ ತೆಗೆಸಲಿಲ್ಲ. ಎಲ್ಲರೂ ಹೋದ ಮೇಲೂ ಅಕ್ಕ ಪರದೆಯ ಮುಂದೆ ನಿಂತೇ ಇದ್ದಳು.

"ಚೆನ್ನಾಗಿಲ್ವಾ ಅಕ್ಕ?"

"ನಂದಲ್ಲ ಕಣೋ ಇದು," ಎಂದಳು ಅಕ್ಕ. "ಅಮ್ಮನ ಕಣ್ಣು. ಅವಳು ಹೀಗೇ ನೋಡ್ತಿದ್ದಳು. ನಿನಗೆ ಗೊತ್ತಿರೋಕೆ ಸಾಧ್ಯ ಇಲ್ಲ."

ಸ್ವಲ್ಪನಗಿಗೆ ಗೊತ್ತಿರಲಿಲ್ಲ. ಅವನು ಅಮ್ಮನನ್ನು ಗೋಡೆಯ ಮೇಲೆ ನಿದ್ದೆಯಲ್ಲಿ ಮಾತ್ರ ಕಂಡವನು. ಅವನು ಪರದೆಯ ಹತ್ತಿರ ಹೋಗಿ ನಿಂತ. ಕಣ್ಣುಗಳು ಅವನನ್ನು ನೋಡಿದವು, ಕುಂಡ ಒಡೆದವನನ್ನು ನೋಡುವ ಹಾಗೆಯೇ.

"ಕಾರ್ಡಿಗೆ ಒಂದು ಚಿಕ್ಕದು ಮಾಡು," ಎಂದಳು ಅಕ್ಕ. "ದೊಡ್ಡದನ್ನ ಇವತ್ತೇ ಹಾಕು. ನಾನು ಹೋಗೋವರೆಗೂ ಕಾಯಬೇಡ, ಆಮೇಲೆ ನಿನ್ನ ಕೈ ನಡುಗುತ್ತೆ, ಸೊಟ್ಟ ಹೊಡೀತೀಯ."

ಅವನು ಸರ್ಟಿಫಿಕೇಟನ್ನು ಫ್ರೇಮಿನಿಂದ ಹೊರಗೆಳೆದು ಆ ಜಾಗದಲ್ಲಿ ಅಕ್ಕನನ್ನು ಕೂರಿಸಿದ. ಮನೆಗೆ ಬಂದು, ಅಮ್ಮನ ಪಕ್ಕದಲ್ಲಿ ಸ್ಟೂಲು ಹಾಕಿ ಹತ್ತಿದ. ಅಕ್ಕ ಕೆಳಗೆ ನಿಂತು ಸ್ಟೂಲಿನ ಕಾಲು ಹಿಡಿದುಕೊಂಡಳು. ಎಡಕ್ಕೆ, ಅಲ್ಲಲ್ಲ, ಇನ್ನೊಂಚೂರು ಬಲಕ್ಕೆ, ಎಂದಳು. ಅವನು ಮೊಳೆ ಹೊಡೆದ. ಮೊಳೆ ಸೊಟ್ಟಗಾಯಿತು. ಕಿತ್ತು ಮತ್ತೆ ಹೊಡೆದ. ಫ್ರೇಮು ನೇತುಹಾಕಿ ಕೈ ಬಿಟ್ಟ. ಅದು ಒಮ್ಮೆ ಓಲಾಡಿ ನಿಂತಿತು.